ಆಟಗಾರ ಎಲ್ಲಿ ಕೈಬಿಟ್ಟ? ವಿಡಿಯೊ ಗೇಮ್‌ನ ದೋಷ ಹುಡುಕುವ ಕ್ರಮ

ಗೇಮ್ ತಯಾರಿಸುವವರಿಂದ ನಾನು ಅತಿ ಹೆಚ್ಚು ಕೇಳಿರುವ ದೂರು ಒಂದೇ. ಜನ ಆಟವನ್ನು ಡೌನ್‌ಲೋಡ್ ಮಾಡಿಕೊಳ್ಳುತ್ತಾರೆ, ಒಂದೆರಡು ಸಲ ಆಡುತ್ತಾರೆ, ಆಮೇಲೆ ಇತ್ತ ತಲೆ ಹಾಕುವುದಿಲ್ಲ. ದೂರಿನ ಬೆನ್ನಿಗೇ ಅವರು ಯೋಚಿಸಿಟ್ಟುಕೊಂಡ ಮದ್ದೂ ಬರುತ್ತದೆ: ದಿನಕ್ಕೊಂದು ಬೋನಸ್ ಕೊಡೋಣ, ನಾಣ್ಯ ಹೆಚ್ಚಿಸೋಣ, ಸಂಜೆಗೊಂದು ನೋಟಿಫಿಕೇಶನ್ ಕಳಿಸೋಣ. ದಯವಿಟ್ಟು ಸ್ವಲ್ಪ ತಡೆಯಿರಿ. ರೋಗ ಯಾವುದೆಂದು ತಿಳಿಯುವ ಮೊದಲೇ ನೋವು ಮರೆಸುವ ಗುಳಿಗೆ ನುಂಗಿಸಿದರೆ ಏನಾಗುತ್ತದೋ ಇಲ್ಲಿಯೂ ಅದೇ ಆಗುತ್ತದೆ. ಅಂಕಿಗಳು ಕೆಲವು ದಿನ ಮೇಲೇರುತ್ತವೆ, ದೋಷ ಒಳಗೇ ಉಳಿಯುತ್ತದೆ. ಜನ ಆಟಕ್ಕಾಗಿ ಬರುತ್ತಿದ್ದಾರೋ ಬೋನಸ್ಸಿಗಾಗಿ ಬರುತ್ತಿದ್ದಾರೋ ಬೇರ್ಪಡಿಸಿ ನೋಡಲು ಆಗದೆ ಹುಡುಕಾಟ ಮೊದಲಿಗಿಂತ ಕಷ್ಟವಾಗುತ್ತದೆ.

ನಾನು ಪಾಲಿಸುವ ಕ್ರಮ ಹೀಗಿದೆ. ಮೊದಲು ಕೈ (ಒತ್ತಿದ ಗುಂಡಿಗೆ ಆಟ ಓಗೊಡುವ ರೀತಿ), ಆಮೇಲೆ ಕಣ್ಣು (ಏನು ಮಾಡಬೇಕೆಂದು ಪರದೆ ತಿಳಿಸುವ ರೀತಿ), ಆಮೇಲೆ ಕಷ್ಟದ ಮಟ್ಟ, ಅದೃಷ್ಟ, ಆಯ್ಕೆ. ಬಹುಮಾನವನ್ನು ಮುಟ್ಟುವುದು ಎಲ್ಲಕ್ಕಿಂತ ಕೊನೆಗೆ. ಈ ಕ್ರಮವನ್ನು ಹಿಂದುಮುಂದು ಮಾಡಬೇಡಿ. ಗುಂಡಿ ಒತ್ತಿದಾಗ ಪಾತ್ರ ತಡವಾಗಿ ಜಿಗಿಯುವ ಆಟದಲ್ಲಿ ಶತ್ರುಗಳ ಸಂಖ್ಯೆ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಎಂದು ತಿಳಿಯುವ ದಾರಿಯೇ ಇಲ್ಲ.

ಮೊದಲು ಜಾಗ ಗುರುತಿಸಿ

ಉದ್ಯಮದಲ್ಲಿ ಎಲ್ಲರೂ ನೋಡುವುದು ಮೂರು ಅಂಕಿಗಳನ್ನು: ಆಟ ಇನ್‌ಸ್ಟಾಲ್ ಮಾಡಿಕೊಂಡವರಲ್ಲಿ ಮರುದಿನ ಎಷ್ಟು ಜನ ಬಂದರು, ಏಳನೆಯ ದಿನ ಎಷ್ಟು, ಮೂವತ್ತನೆಯ ದಿನ ಎಷ್ಟು. ಮರುದಿನವೇ ಹೆಚ್ಚಿನವರು ಕಾಣೆಯಾದರೆ ದೋಷ ಸಾಮಾನ್ಯವಾಗಿ ಕೈಯಲ್ಲಿ ಅಥವಾ ಕಣ್ಣಿನಲ್ಲಿರುತ್ತದೆ. ಮೊದಲ ದಿನ ಚೆನ್ನಾಗಿದ್ದು ವಾರದೊಳಗೆ ಕುಸಿದರೆ ಕಷ್ಟದ ಮಟ್ಟವನ್ನೋ ಆಯ್ಕೆಗಳನ್ನೋ ಅನುಮಾನಿಸಿ. ತಿಂಗಳ ಹೊತ್ತಿಗೆ ಮಾತ್ರ ಇಳಿದರೆ ಆಟದಲ್ಲಿ ಹೊಸದೇನೂ ಉಳಿದಿಲ್ಲದಿರಬಹುದು. ಆಟವನ್ನು ಪೂರ್ತಿ ಮುಗಿಸಿ ತೃಪ್ತಿಯಿಂದ ಹೋದವರೂ ಈ ಲೆಕ್ಕದಲ್ಲಿ ಸೇರಿರುತ್ತಾರೆ ಎಂಬುದು ನೆನಪಿರಲಿ. ಕಥೆ ಮುಗಿದ ಮೇಲೆ ಎದ್ದು ಹೋಗುವುದು ದೋಷವೇ ಅಲ್ಲ.

ಈ ಮೂರು ಅಂಕಿಗಳು ದಿನವನ್ನು ಹೇಳುತ್ತವೆ, ಜಾಗವನ್ನು ಹೇಳುವುದಿಲ್ಲ. ಜಾಗ ತಿಳಿಯಬೇಕಾದರೆ ಪ್ರತಿಯೊಬ್ಬ ಆಟಗಾರನ ಕೊನೆಯ ಕ್ಷಣಗಳು ಲಾಗ್‌ನಲ್ಲಿ, ಅಂದರೆ ಆಟ ತಾನೇ ಬರೆದಿಡುವ ಕಡತದಲ್ಲಿ, ದಾಖಲಾಗಬೇಕು: ಕೊನೆಗೆ ಆಡಿದ ಹಂತ ಯಾವುದು, ಅಲ್ಲಿ ಎಷ್ಟು ಸಲ ಸತ್ತ, ಎಷ್ಟು ನಿಮಿಷ ಕಳೆದ, ಆಟ ಮುಚ್ಚುವ ಮುನ್ನ ಕಂಡ ಪರದೆ ಯಾವುದು. ಹಂತಗಳನ್ನು ಸಾಲಾಗಿ ಬರೆದು ಪ್ರತಿ ಹಂತಕ್ಕೆ ಬಂದವರ ಸಂಖ್ಯೆಯನ್ನು ಪಕ್ಕದಲ್ಲಿಟ್ಟರೆ ಒಂದು ಮೆಟ್ಟಿಲಿನ ಚಿತ್ರ ಸಿಗುತ್ತದೆ. ಮೆಟ್ಟಿಲು ಎಲ್ಲಿ ದಿಢೀರನೆ ಆಳವಾಗಿದೆಯೋ ಅಲ್ಲಿಂದ ಕೆಲಸ ಶುರು.

ಇಷ್ಟಕ್ಕೇ ನಿಲ್ಲಬೇಡಿ. ನಾನು ಹಿಂದೊಮ್ಮೆ ಇಷ್ಟಕ್ಕೇ ನಿಂತು ತಿಂಗಳುಗಟ್ಟಲೆ ದಾರಿ ತಪ್ಪಿದ್ದೆ. ಜಿಗಿಯುತ್ತಾ ಸಾಗುವ ಒಂದು ಸಣ್ಣ ಆಟ ಮಾಡಿದ್ದೆ. ಮೂರನೇ ಹಂತದಲ್ಲಿ ಜನ ಗುಂಪುಗುಂಪಾಗಿ ಬಿಟ್ಟು ಹೋಗುತ್ತಿದ್ದರು. ಅಲ್ಲಿ ಸಾವುಗಳೂ ಹೆಚ್ಚಿದ್ದವು. ಕಷ್ಟವಾಯಿತೆಂದು ತೀರ್ಮಾನಿಸಿ ಶತ್ರುಗಳನ್ನು ಒಬ್ಬೊಬ್ಬರನ್ನಾಗಿ ತೆಗೆದೆ. ಸಾವು ಕಡಿಮೆಯಾಯಿತು, ಬಿಟ್ಟು ಹೋಗುವವರು ಮಾತ್ರ ಅಷ್ಟೇ ಇದ್ದರು. ಕೊನೆಗೆ, ಆಟವನ್ನು ಎಂದೂ ನೋಡಿರದ ಒಬ್ಬರ ಹಿಂದೆ ಕುಳಿತು ಅವರು ಆಡುವುದನ್ನು ನೋಡಿದೆ. ಮುಂದೆ ಹೋಗಲು ಒಂದು ಬಂಡೆಯಂಚಿನ ಮೇಲೆ ಹತ್ತಬೇಕಿತ್ತು. ಅದರ ಬಣ್ಣ ಹಿನ್ನೆಲೆಯ ಗುಡ್ಡದ ಬಣ್ಣವೇ ಆಗಿತ್ತು. ಅದರ ಮೇಲೆ ನಿಲ್ಲಬಹುದು ಎಂಬುದೇ ಅವರಿಗೆ ಹೊಳೆಯಲಿಲ್ಲ. ನಾಲ್ಕು ನಿಮಿಷ ಅತ್ತಿತ್ತ ಓಡಾಡಿದರು, ಕೆಳಗಿನ ಹಳ್ಳಕ್ಕೆ ಹಾರಿ ನೋಡಿದರು, ಸತ್ತರು, ಮೊಬೈಲನ್ನು ಮೇಜಿನ ಮೇಲಿಟ್ಟರು. ಲಾಗ್‌ನಲ್ಲಿ ಅದು "ಸಾವು" ಎಂದು ದಾಖಲಾಗಿತ್ತು.

ಅಂಕಿ ಎಲ್ಲಿ ಎಂದು ಹೇಳುತ್ತದೆ, ಕಣ್ಣಾರೆ ನೋಡಿದರೆ ಏಕೆ ಎಂದು ತಿಳಿಯುತ್ತದೆ. ಐದು ಜನರನ್ನು ಕೂರಿಸಿ ಆಡಿಸಿದರೂ ದೊಡ್ಡ ದೋಷಗಳು ಹೊರಬೀಳುತ್ತವೆ. ಷರತ್ತು ಒಂದೇ, ನೀವು ಬಾಯಿ ತೆರೆಯಕೂಡದು. "ಅಲ್ಲಿ ಮೇಲೆ ಹತ್ತಿ" ಎಂದು ಒಮ್ಮೆ ಹೇಳಿಬಿಟ್ಟರೆ ಆ ಪರೀಕ್ಷೆ ಅಲ್ಲಿಗೆ ಮುಗಿಯಿತು. ಆಟ ತಲುಪುವ ಪ್ರತಿ ಮನೆಯಲ್ಲೂ ಹಾಗೆ ಹೇಳಲು ನೀವು ಕುಳಿತಿರುವುದಿಲ್ಲ.

ಕೈ: "ನಾನು ಒತ್ತಿದ್ದೆ!"

ಪರೀಕ್ಷೆಯಲ್ಲಿ ಯಾರಾದರೂ ಈ ಮಾತು ಆಡಿದರೆ ನಂಬಿ. ಲಾಗ್ ತೆರೆದು ಅವರು ತಡವಾಗಿ ಒತ್ತಿದ್ದಾರೆಂದು ಸಾಧಿಸಲು ಹೋಗಬೇಡಿ. ಅವರ ಬೆರಳಿಗೆ ಆಟ ಮೋಸ ಮಾಡಿದಂತೆ ಅನ್ನಿಸಿದೆ, ದುರಸ್ತಿ ಆಗಬೇಕಾದದ್ದು ಆ ಅನ್ನಿಸಿಕೆಯೇ.

ಸೆಕೆಂಡಿಗೆ 60 ಫ್ರೇಮ್ (ಒಂದರ ಹಿಂದೊಂದು ಮೂಡುವ ಬಿಡಿ ಚಿತ್ರಗಳು) ತೋರಿಸುವ ಆಟದಲ್ಲಿ ಒಂದು ಫ್ರೇಮಿಗೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್, 30 ಫ್ರೇಮಿನ ಆಟದಲ್ಲಿ 33.3. ಬೆರಳು ಒತ್ತಿದ ಕ್ಷಣದಿಂದ ಪರದೆಯ ಮೇಲೆ ಪಾತ್ರ ಅಲುಗುವವರೆಗಿನ ಒಟ್ಟು ಸಮಯ ನೂರು ಮಿಲಿಸೆಕೆಂಡಿನ ಆಸುಪಾಸು ದಾಟಿದರೆ ವೇಗದ ಆಟದಲ್ಲಿ ಕೈಗೂ ಕಣ್ಣಿಗೂ ನಂಟು ತಪ್ಪುತ್ತದೆ. ಇದನ್ನು ಅಳೆಯಲು ದುಬಾರಿ ಉಪಕರಣ ಬೇಡ. ಸೆಕೆಂಡಿಗೆ 240 ಫ್ರೇಮ್ ಸೆರೆಹಿಡಿಯುವ ಮೊಬೈಲ್ ಕ್ಯಾಮೆರಾದಲ್ಲಿ ಬೆರಳು ಮತ್ತು ಪರದೆ ಎರಡೂ ಕಾಣುವಂತೆ ಚಿತ್ರೀಕರಿಸಿ, ಬೆರಳು ತಾಗಿದ ಫ್ರೇಮಿನಿಂದ ಪಾತ್ರ ಕದಲಿದ ಫ್ರೇಮಿನವರೆಗೆ ಎಣಿಸಿ. ಒಂದೊಂದು ಫ್ರೇಮಿಗೆ ಸುಮಾರು 4.2 ಮಿಲಿಸೆಕೆಂಡ್. ಈ ಅಳತೆಯನ್ನು ನಿಮ್ಮ ಹೊಸ ಫೋನಿನಲ್ಲಿ ಮಾಡಬೇಡಿ. ಆಟ ಓಡಬಲ್ಲ ಅತಿ ದುರ್ಬಲ ಫೋನಿನಲ್ಲಿ, ಅದೂ ಇಪ್ಪತ್ತು ನಿಮಿಷ ಆಡಿ ಫೋನ್ ಬಿಸಿಯಾದ ಮೇಲೆ ಮಾಡಿ. ಬಿಸಿಯಾದ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆಟ ಕೆಡುವುದು ಆಗ.

ಯಂತ್ರ ಸರಿಯಿದ್ದೂ ದೂರು ಬರುತ್ತಿದ್ದರೆ ನಿಯಮ ಬಿಗಿಯಾಗಿದೆ ಎಂದರ್ಥ. 2018ರಲ್ಲಿ ಬಂದ ಸೆಲೆಸ್ಟ್ ಬಹಳ ಕಠಿಣವಾದ ಆಟ, ಆದರೂ ಬೆರಳಿನ ವಿಷಯದಲ್ಲಿ ಅದರಷ್ಟು ಉದಾರವಾದವು ಕಡಿಮೆ. ಅಂಚು ದಾಟಿದ ಮೇಲೂ ಕೆಲವೇ ಫ್ರೇಮ್‌ಗಳಷ್ಟು ಹೊತ್ತು ಜಿಗಿತ ಸಿಗುತ್ತದೆ. ನೆಲ ತಾಗುವ ಸ್ವಲ್ಪ ಮುಂಚೆ ಗುಂಡಿ ಒತ್ತಿದ್ದರೆ ಆಟ ಅದನ್ನು ನೆನಪಿಟ್ಟುಕೊಂಡು ತಾಗಿದ ಕೂಡಲೇ ಜಿಗಿಸುತ್ತದೆ. ಆಟಗಾರನಿಗೆ ಇದು ಯಾವುದೂ ಗೊತ್ತಾಗುವುದಿಲ್ಲ, ತನ್ನ ಕೈ ಪಳಗಿದೆ ಎಂದಷ್ಟೇ ಅನ್ನಿಸುತ್ತದೆ.

ಸಾವಿಗೂ ಮುಂದಿನ ಪ್ರಯತ್ನಕ್ಕೂ ನಡುವೆ ಎಷ್ಟು ಸೆಕೆಂಡ್ ಹೋಗುತ್ತದೆ ಎಂದೂ ಗಡಿಯಾರ ಹಿಡಿದು ನೋಡಿ. ಸೆಲೆಸ್ಟ್‌ನಲ್ಲಿ ಸತ್ತವನು ಕಣ್ಣು ಮಿಟುಕಿಸುವಷ್ಟರಲ್ಲಿ ಅದೇ ಕೋಣೆಯಲ್ಲಿ ಮತ್ತೆ ನಿಂತಿರುತ್ತಾನೆ. ನಿಮ್ಮ ಆಟದಲ್ಲಿ ನಡುವೆ ಲೋಡಿಂಗ್, ಅಂಕಪಟ್ಟಿ, ಜಾಹೀರಾತು, ಮೆನು ಬರುತ್ತಿದ್ದರೆ ಪ್ರತಿ ತಪ್ಪಿಗೂ ಅಷ್ಟು ದಂಡ ಹಾಕುತ್ತಿದ್ದೀರಿ, ಪ್ರತಿ ಸಲವೂ "ಸಾಕು" ಎಂದು ಏಳಲು ಅವಕಾಶ ಕೊಡುತ್ತಿದ್ದೀರಿ.

ಕಣ್ಣು: ಏನು ಮಾಡಬೇಕೆಂದು ತಿಳಿಯದವರು

ಇದಕ್ಕೆ ನನ್ನ ಪರೀಕ್ಷೆ ಸರಳ. ಟ್ಯುಟೋರಿಯಲ್‌ನ ಬರಹವನ್ನೆಲ್ಲ ತೆಗೆದುಹಾಕಿ ಹೊಸಬರ ಕೈಗೆ ಆಟ ಕೊಡಿ. ಅವರು ತಾವಾಗಿ ಕಂಡುಕೊಳ್ಳದ ಸಂಗತಿಗಳ ಪಟ್ಟಿ ಮಾಡಿ. ಆ ಪಟ್ಟಿಯೇ ನಿಮ್ಮ ದೋಷಗಳ ಪಟ್ಟಿ. ಬರಹ ಮರಳಿ ಹಾಕಿದರೆ ಸರಿಹೋಗುತ್ತದೆ ಎಂದುಕೊಳ್ಳಬೇಡಿ, ಹೆಚ್ಚಿನವರು ಆ ಪೆಟ್ಟಿಗೆಗಳನ್ನು ಓದದೆಯೇ ಒತ್ತಿ ದಾಟುತ್ತಾರೆ.

ಕಲಿಸುವ ಕೆಲಸವನ್ನು ಹಂತದ ವಿನ್ಯಾಸಕ್ಕೆ ಒಪ್ಪಿಸುವುದು ಹೇಗೆ ಎಂಬುದಕ್ಕೆ 1985ರ ಸೂಪರ್ ಮಾರಿಯೊ ಬ್ರದರ್ಸ್‌ನ ಮೊದಲ ಪರದೆಯಷ್ಟು ಒಳ್ಳೆಯ ಪಾಠ ನನಗೆ ಇನ್ನೊಂದು ಸಿಕ್ಕಿಲ್ಲ. ಮಾರಿಯೊ ಎಡಕ್ಕೆ ನಿಂತು ಬಲಕ್ಕೆ ನೋಡುತ್ತಿದ್ದಾನೆ, ಬಲಗಡೆ ಖಾಲಿ ಜಾಗವಿದೆ. ಯಾವ ಕಡೆ ಹೋಗಬೇಕೆಂದು ಹೇಳಿದಂತಾಯಿತು. ಗೂಂಬಾ ಎಂಬ ಪುಟ್ಟ ಶತ್ರು ಎದುರಿಗೆ ನಡೆದು ಬರುತ್ತದೆ. ತಾಗಿದರೆ ಸಾವು, ಆದರೆ ಆಟ ಆಗಷ್ಟೇ ಶುರುವಾಗಿದ್ದರಿಂದ ಕಳೆದುಕೊಳ್ಳುವುದು ಏನೂ ಇಲ್ಲ. ಮಿನುಗುವ ಪ್ರಶ್ನಾರ್ಥಕ ಚೌಕವನ್ನು ಕೆಳಗಿನಿಂದ ಗುದ್ದಿದರೆ ಅಣಬೆ ಹೊರಬಂದು ಬಲಕ್ಕೆ ಜಾರಿ ಕೊಳವೆಗೆ ಬಡಿದು ಮಾರಿಯೊನ ಕಡೆಗೇ ಹಿಂತಿರುಗುತ್ತದೆ. ಶತ್ರುವೆಂದು ಹೆದರಿ ಜಿಗಿದರೂ ಮೇಲಿನ ಇಟ್ಟಿಗೆಗಳು ತಡೆಯುತ್ತವೆ, ಅಣಬೆ ತಾಗಿಯೇ ತೀರುತ್ತದೆ ಎನ್ನುವಷ್ಟು ಮಟ್ಟಿಗೆ. ತಾಗಿದರೆ ಮಾರಿಯೊ ದೊಡ್ಡವನಾಗುತ್ತಾನೆ. ಅದರ ವಿನ್ಯಾಸಕರಾದ ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಝುಕಾ ಒಂದು ಅಕ್ಷರವನ್ನೂ ಬರೆಯದೆ ದಿಕ್ಕು, ಅಪಾಯ, ಲಾಭ ಮೂರನ್ನೂ ಕಲಿಸಿದರು.

ಹಾಗಾಗಿ ನಿಮ್ಮ ಆಟದ ಪ್ರತಿ ಹೊಸ ಸಂಗತಿಗೂ ಕೇಳಿಕೊಳ್ಳಿ: ಇದು ಮೊದಲ ಸಲ ಕಾಣಿಸಿಕೊಳ್ಳುವುದು ತಪ್ಪಿದರೂ ಏನೂ ಆಗದ ಜಾಗದಲ್ಲಿಯೇ? ಎರಡನೇ ಸಲ ಸ್ವಲ್ಪ ಅಪಾಯದ ಜೊತೆ, ಮೂರನೇ ಸಲ ಹಳೆಯ ಇನ್ನೊಂದು ಸಂಗತಿಯ ಜೊತೆ ಬರುತ್ತದೆಯೇ? ಮೊದಲ ಭೇಟಿಯೇ ಹಳ್ಳದ ಮೇಲೆ ಆಗುತ್ತಿದ್ದರೆ ಸಾವುಗಳ ಸಂಖ್ಯೆ ನೋಡಿ ಅದನ್ನು "ಕಷ್ಟ" ಎಂದು ತಪ್ಪಾಗಿ ಓದುವ ಅಪಾಯವಿದೆ.

ಬಣ್ಣದ ಪರೀಕ್ಷೆಗೆ ಪರದೆಯ ಚಿತ್ರ ತೆಗೆದು ಕಪ್ಪು ಬಿಳುಪು ಮಾಡಿ ನೋಡಿ. ನಿಲ್ಲುವ ಜಾಗ, ಶತ್ರು, ಹಿನ್ನೆಲೆ ಮೂರೂ ಬೇರೆಬೇರೆಯಾಗಿ ಕಾಣದಿದ್ದರೆ ಸರಿಪಡಿಸಿ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು ಹನ್ನೆರಡಕ್ಕೆ ಒಬ್ಬರಿಗೆ ಕೆಂಪು ಹಸಿರಿನ ನಡುವಿನ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಬಣ್ಣವೊಂದನ್ನೇ ನಂಬಿದ ಸುಳಿವು ಅವರ ಪಾಲಿಗೆ ಇಲ್ಲವೇ ಇಲ್ಲ.

ಕಷ್ಟ: ಗೋಡೆಯೋ ಬಯಲೋ

ಕೈ ಮತ್ತು ಕಣ್ಣು ಸರಿಯಿವೆ ಎಂದು ಖಾತ್ರಿಯಾದ ಮೇಲೆ ಮಾತ್ರ ಇಲ್ಲಿಗೆ ಬನ್ನಿ. ಮನೋವಿಜ್ಞಾನಿ ಮಿಹಾಯ್ ಚಿಕ್ಸೆಂಟ್‌ಮಿಹಾಯಿ ತೋರಿಸಿಕೊಟ್ಟ ತತ್ತ್ವ ಎಲ್ಲರಿಗೂ ಗೊತ್ತಿರುವಂಥದ್ದು. ಸವಾಲು ಕೌಶಲಕ್ಕಿಂತ ತೀರಾ ಹೆಚ್ಚಾದರೆ ಆತಂಕ, ತೀರಾ ಕಡಿಮೆಯಾದರೆ ಬೇಸರ, ಎರಡೂ ಸರಿಸಾಟಿಯಾದರೆ ಹೊತ್ತು ಹೋದದ್ದೇ ತಿಳಿಯದ ತನ್ಮಯತೆ. ಆದರೆ ಇದನ್ನು ಓದಿ ಸವಾಲನ್ನು ನೇರ ಗೆರೆಯಂತೆ ಏರಿಸುತ್ತಾ ಹೋದವರ ಆಟಗಳು ದಣಿಸುತ್ತವೆ. ಏರಬೇಕು, ಸ್ವಲ್ಪ ಇಳಿಯಬೇಕು, ಮೊದಲಿಗಿಂತ ಎತ್ತರಕ್ಕೆ ಮತ್ತೆ ಏರಬೇಕು. 1980ರ ಪ್ಯಾಕ್-ಮ್ಯಾನ್‌ನಲ್ಲಿ ದೆವ್ವಗಳು ಸದಾ ಬೆನ್ನಟ್ಟುವುದಿಲ್ಲ, ನಡುನಡುವೆ ಬೆನ್ನು ಬಿಟ್ಟು ತಮ್ಮ ತಮ್ಮ ಮೂಲೆಗಳತ್ತ ಚದುರುತ್ತವೆ. ಆ ಕೆಲವು ಸೆಕೆಂಡುಗಳಲ್ಲಿ ಆಟಗಾರ ಉಸಿರು ಬಿಡುತ್ತಾನೆ. 2008ರ ಲೆಫ್ಟ್ ಫೋರ್ ಡೆಡ್‌ನಲ್ಲಿ ಇದೇ ಕೆಲಸಕ್ಕೆ "ಡೈರೆಕ್ಟರ್" ಎಂಬ ಪ್ರತ್ಯೇಕ ವ್ಯವಸ್ಥೆಯಿದೆ. ಆಟಗಾರರ ಮೇಲಿನ ಒತ್ತಡವನ್ನು ಅದು ಅಂದಾಜು ಮಾಡುತ್ತದೆ, ಒತ್ತಡ ತುದಿಗೇರಿದ ಮೇಲೆ ಸ್ವಲ್ಪ ಹೊತ್ತು ಶತ್ರುಗಳನ್ನು ತಡೆಹಿಡಿಯುತ್ತದೆ.

ಲಾಗ್‌ನಲ್ಲಿ ಎರಡು ಬಗೆಯ ನಿರ್ಗಮನಗಳನ್ನು ಬೇರ್ಪಡಿಸಿ. ಒಂದೇ ಹಂತದಲ್ಲಿ ಹತ್ತಾರು ಸಲ ಸತ್ತು ಬಿಟ್ಟವನು ಗೋಡೆಗೆ ಬಡಿದಿದ್ದಾನೆ. ಹತ್ತು ಹಂತಗಳನ್ನು ಒಂದೊಂದೇ ಪ್ರಯತ್ನದಲ್ಲಿ ದಾಟಿ, ಎಲ್ಲೂ ಸಾಯದೆ, ಹನ್ನೊಂದನೆಯದನ್ನು ತೆರೆಯದೆ ಹೋದವನು ಬಯಲಿನಲ್ಲಿ ನಡೆದು ಬೇಸತ್ತಿದ್ದಾನೆ. ಸರಾಸರಿ ತೆಗೆದರೆ ಇಬ್ಬರೂ ಒಂದರಲ್ಲಿ ಕರಗಿ ಕಷ್ಟದ ಮಟ್ಟ ಹದವಾಗಿದೆ ಎಂದೇ ಕಾಣುತ್ತದೆ. ಎರಡನೆಯ ಬಗೆಯವರನ್ನು ಹೆಚ್ಚಿನ ತಂಡಗಳು ಗಮನಿಸುವುದೇ ಇಲ್ಲ, ಏಕೆಂದರೆ ಅವರು ದೂರು ಹೇಳುವುದಿಲ್ಲ.

ಮೂರನೆಯ ಬಗೆಯೂ ಒಂದಿದೆ, ನನಗೆ ಅತಿ ಮುಖ್ಯವೆನ್ನಿಸುವುದು ಅದು. ಎರಡು ಮೂರು ಸಲವಷ್ಟೇ ಸತ್ತು ಬಿಟ್ಟು ಹೋದವರು. ಇವರಿಗೆ ಕಷ್ಟವಾಗಲಿಲ್ಲ, ಅನ್ಯಾಯವಾಯಿತು. ಕಣ್ಣೆದುರಿಗೆ ಯಾರಾದರೂ ಸತ್ತ ಕೂಡಲೇ ಕೇಳಿ ನೋಡಿ, "ಈಗ ಯಾಕೆ ಸತ್ತಿರಿ? ಮುಂದಿನ ಸಲ ಏನು ಮಾಡುತ್ತೀರಿ?" ಇವೆರಡಕ್ಕೂ ಉತ್ತರವಿದ್ದರೆ ಐವತ್ತು ಸಲ ಸತ್ತರೂ ಅವರು ಏಳುವುದಿಲ್ಲ. "ಗೊತ್ತಿಲ್ಲ" ಎಂದರೆ ಮೂರನೆಯ ಸಾವಿಗೇ ಏಳುತ್ತಾರೆ. ಪರದೆಯಾಚೆಯಿಂದ ಬಂದ ಗುಂಡು, ಮುನ್ಸೂಚನೆ ಇಲ್ಲದ ಹೊಡೆತ, ಪಾತ್ರದ ಚಿತ್ರಕ್ಕಿಂತ ದೊಡ್ಡದಾದ ತಾಗುವ ಚೌಕಟ್ಟು (ಹೊಡೆತ ತಾಗಿತೆಂದು ಆಟ ಲೆಕ್ಕ ಹಿಡಿಯುವ ಜಾಗ), ಇಂಥವು ಸಾಮಾನ್ಯ ಕಾರಣಗಳು. ಶತ್ರು ಹೊಡೆಯುವ ಮೊದಲು ಕೈ ಎತ್ತುವ ಭಂಗಿಯನ್ನು ಇನ್ನಷ್ಟು ಹೊತ್ತು ತೋರಿಸಿದರೆ ಸಾಕು, ಅದೇ ಹೊಡೆತ ನ್ಯಾಯವೆನ್ನಿಸುತ್ತದೆ.

ಆಟ ತಾನೇ ಗುಟ್ಟಾಗಿ ಸುಲಭವಾಗುವಂತೆ ಮಾಡುವುದು ಇನ್ನೊಂದು ದಾರಿ. 2005ರ ರೆಸಿಡೆಂಟ್ ಈವಿಲ್ 4 ಆಟಗಾರನ ಸಾಧನೆ ನೋಡಿ ಒಳಗೊಳಗೇ ಕಷ್ಟವನ್ನು ಹೆಚ್ಚು ಕಡಿಮೆ ಮಾಡುತ್ತಿತ್ತು. ಅದು ಚೆನ್ನಾಗಿ ಕೆಲಸ ಮಾಡಿದ ಆಟ, ನಿಜ. ಆದರೂ ನನ್ನ ಒಲವು ಸೆಲೆಸ್ಟ್‌ನ ಸಹಾಯದ ಆಯ್ಕೆಯ ಕಡೆಗೇ. ಅಲ್ಲಿ ವೇಗ ತಗ್ಗಿಸುವುದನ್ನೂ ಸಾವಿಲ್ಲದೆ ಆಡುವುದನ್ನೂ ಆಟಗಾರನ ಕೈಗೇ ಬಹಿರಂಗವಾಗಿ ಕೊಟ್ಟಿದ್ದಾರೆ. ತಾನು ಗೆದ್ದದ್ದು ಆಟ ಕೈ ಹಿಡಿದು ನಡೆಸಿದ್ದರಿಂದ ಎಂದು ಆಮೇಲೆ ತಿಳಿದವನಿಗೆ ಹಿಂದಿನ ಗೆಲುವುಗಳೂ ಸಪ್ಪೆಯಾಗುತ್ತವೆ.

ಅದೃಷ್ಟ: ಲೆಕ್ಕ ಸರಿ, ಅನುಭವ ತಪ್ಪು

ಸಿವಿಲೈಸೇಶನ್ ಆಟದ ವಿನ್ಯಾಸಕ ಸಿಡ್ ಮೀಯರ್ 2010ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಹೇಳಿದ ಅನುಭವ ಇಲ್ಲಿ ಉಪಯೋಗಕ್ಕೆ ಬರುತ್ತದೆ. ತಮ್ಮ ಬಲ ಮೂರು, ಎದುರಾಳಿಯದು ಒಂದು ಎಂದಿರುವ ಯುದ್ಧದಲ್ಲಿ ಸೋತ ಆಟಗಾರರು ಆಟದಲ್ಲೇ ತಪ್ಪಿದೆ ಎಂದು ಭಾವಿಸುತ್ತಿದ್ದರು. ಗಣಿತದ ಪ್ರಕಾರ ನಾಲ್ಕರಲ್ಲಿ ಒಂದು ಸೋಲು ಬರಲೇಬೇಕು, ಮನಸ್ಸು ಅದನ್ನು ಒಪ್ಪುವುದಿಲ್ಲ. ಫೈರ್ ಎಂಬ್ಲೆಮ್ ಸರಣಿಯ ಹಲವು ಆಟಗಳು ಇದಕ್ಕೆ ಎರಡು ಯಾದೃಚ್ಛಿಕ ಸಂಖ್ಯೆಗಳ ಸರಾಸರಿ ತೆಗೆದುಕೊಳ್ಳುವ ಉಪಾಯ ಹೂಡಿದವು. ಆಗ ಹೊಡೆತ ತಾಗುವ ಸಾಧ್ಯತೆ ಪರದೆಯ ಮೇಲೆ ಶೇಕಡಾ 80 ಎಂದು ಕಂಡರೆ ನಿಜವಾಗಿ ಅದಕ್ಕಿಂತ ಹೆಚ್ಚು ಸಲ ಫಲಿಸುತ್ತದೆ.

ಅಪರೂಪದ ವಸ್ತು ಇಪ್ಪತ್ತಕ್ಕೆ ಒಂದರಂತೆ ಸಿಗುವ ಹಾಗೆ ಇಟ್ಟಿದ್ದೀರಿ ಎನ್ನಿ. ಇಪ್ಪತ್ತು ಸಲ ಪ್ರಯತ್ನಿಸಿದ ನೂರು ಜನರಲ್ಲಿ ಸುಮಾರು 36 ಜನರಿಗೆ ಅದು ಸಿಕ್ಕಿರುವುದಿಲ್ಲ. ಐವತ್ತು ಸಲದ ನಂತರವೂ ಏಳೆಂಟು ಜನ ಬರಿಗೈಯಲ್ಲಿ ಇರುತ್ತಾರೆ. ಬಿಟ್ಟು ಹೋದವರ ಲಾಗ್ ತೆರೆದು ಅವರಲ್ಲಿ ಇಂಥ ಬರಿಗೈಯವರು ಎಷ್ಟಿದ್ದಾರೆಂದು ಎಣಿಸಿ. ಹೆಚ್ಚಿದ್ದರೆ ಬರಗಾಲಕ್ಕೆ ಒಂದು ಮಿತಿ ಹಾಕಿ. ಇಂದಿನ ಟೆಟ್ರಿಸ್‌ನ ಪದ್ಧತಿ ಒಳ್ಳೆಯ ಮಾದರಿ: ಏಳು ತುಂಡುಗಳನ್ನೂ ಒಂದು ಚೀಲಕ್ಕೆ ಹಾಕಿ ಕಲಸಿದಂತೆ, ಏಳೂ ಒಂದೊಂದು ಸಲ ಬಂದ ಮೇಲೆಯೇ ಹೊಸ ಚೀಲ. ಉದ್ದನೆಯ ಕೋಲು ಎಷ್ಟೇ ಕಾಡಿದರೂ ನಡುವೆ ಹನ್ನೆರಡಕ್ಕಿಂತ ಹೆಚ್ಚು ಬೇರೆ ತುಂಡುಗಳು ಬರಲಾರವು.

ಆಯ್ಕೆ

ವಾರದ ಹೊತ್ತಿಗೆ ಬೀಳುವ ಆಟಗಳಲ್ಲಿ ಇದನ್ನು ನೋಡಿ. ಹತ್ತು ಆಯುಧ ಕೊಟ್ಟಿದ್ದರೂ ಗೆಲ್ಲುವವರೆಲ್ಲ ಒಂದನ್ನೇ ಬಳಸುತ್ತಿದ್ದರೆ ಆಟದಲ್ಲಿ ಇರುವುದು ಒಂದೇ ಆಯುಧ. ಅದರ ಬಲ ತಗ್ಗಿಸುವುದಕ್ಕಿಂತ, ಅದು ಕೆಲಸಕ್ಕೆ ಬಾರದ ಸನ್ನಿವೇಶವೊಂದನ್ನು ಸೇರಿಸುವುದು ಮೇಲು. ಇದ್ದದ್ದನ್ನು ಕಿತ್ತುಕೊಂಡರೆ ಉಳಿದವರೂ ಮುನಿಯುತ್ತಾರೆ.

ಬಹುಮಾನ, ಕೊನೆಗೆ

1973ರಲ್ಲಿ ಮನೋವಿಜ್ಞಾನಿಗಳಾದ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಚಿತ್ರ ಬರೆಯುವುದನ್ನು ಇಷ್ಟಪಡುವ ಪುಟ್ಟ ಮಕ್ಕಳ ಮೇಲೆ ಪ್ರಯೋಗ ಮಾಡಿದರು. ಬರೆದರೆ ಪ್ರಶಸ್ತಿ ಪತ್ರ ಕೊಡುತ್ತೇವೆಂದು ಮೊದಲೇ ಹೇಳಿಸಿಕೊಂಡ ಮಕ್ಕಳು ಆಮೇಲೆ ಬಿಡುವಿನಲ್ಲಿ ಚಿತ್ರ ಬರೆಯುವುದನ್ನು ಕಡಿಮೆ ಮಾಡಿದರು. ಹೇಳದೆ ಕೊಟ್ಟಾಗ ಹಾಗಾಗಲಿಲ್ಲ. ಆಟವನ್ನು ಆಟಕ್ಕಾಗಿಯೇ ಪ್ರೀತಿಸುವವರಿಗೆ ದಿನಗೂಲಿ ಗೊತ್ತುಮಾಡಿದರೆ ಅವರು ಕೂಲಿಯವರಾಗುತ್ತಾರೆ, ಕೂಲಿ ನಿಂತ ದಿನ ಎದ್ದು ಹೋಗುತ್ತಾರೆ.

ಬಹುಮಾನ ಬೇಡವೇ ಬೇಡ ಎನ್ನುತ್ತಿಲ್ಲ. ಅದನ್ನು ಹೇಗೆ ಮುಂದಿಡುತ್ತೀರಿ ಎಂಬುದೂ ದೋಷವಾಗಬಹುದು. 2004ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಪರೀಕ್ಷಾ ಹಂತದಲ್ಲಿದ್ದಾಗ ಬಹಳ ಹೊತ್ತು ಆಡಿದವರಿಗೆ ಸಿಗುವ ಅಂಕ ಕಡಿಮೆಯಾಗುತ್ತಿತ್ತು, ಆಟಗಾರರು ಕೆರಳಿದರು. ತಯಾರಕರು ಅದನ್ನೇ ತಿರುಗಿಸಿ, ವಿಶ್ರಾಂತಿ ಪಡೆದು ಬಂದವರಿಗೆ ಹೆಚ್ಚಿನ ಅಂಕ ಎಂದರು. ಲೆಕ್ಕ ಹೆಚ್ಚುಕಡಿಮೆ ಅದೇ ಇತ್ತು, ಸಿಟ್ಟು ಇಳಿಯಿತು.

ಪ್ರತಿದಿನ ಬಂದರೆ ಬೆಳೆಯುವ ಸರಪಳಿ ನಿಮ್ಮ ಆಟದಲ್ಲಿದ್ದರೆ, ಜನ ಬಿಟ್ಟ ದಿನವನ್ನು ಸರಪಳಿ ಕಡಿದ ದಿನದ ಜೊತೆ ಹೋಲಿಸಿ. ಎರಡೂ ಅಕ್ಕಪಕ್ಕದಲ್ಲಿದ್ದರೆ ಅವರನ್ನು ಹಿಡಿದಿಟ್ಟಿದ್ದದ್ದು ಕಳೆದುಕೊಳ್ಳುವ ಭಯ. ಒಂದು ದಿನ ತಪ್ಪಿದರೂ ಕಡಿಯದ ಹಾಗೆ ಮಾಡಿ. ಹಣ ಕೊಟ್ಟು ತೆರೆಯುವ ಅದೃಷ್ಟದ ಪೆಟ್ಟಿಗೆಗಳನ್ನು ಬೆಲ್ಜಿಯಂ 2018ರಲ್ಲಿ ಜೂಜಿನ ಕಾನೂನಿನಡಿ ತಂದಿತು. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿಯಲ್ಲಿ ಗೇಮಿಂಗ್ ವ್ಯಸನಕ್ಕೆ ಜಾಗವಿದೆ. ಬಿಡಲಾಗದೆ ಆಡುವವನೂ ಬಿಡಲು ಮನಸ್ಸಿಲ್ಲದೆ ಆಡುವವನೂ ಅಂಕಿಗಳಲ್ಲಿ ಒಂದೇ ಥರ ಕಾಣುತ್ತಾರೆ. ಕೆಲವರಿಗೆ ಒಂದು ವಾರ ಬೋನಸ್ ಮತ್ತು ನೋಟಿಫಿಕೇಶನ್ ನಿಲ್ಲಿಸಿ ನೋಡಿ. ಆಗಲೂ ಬರುವವರೇ ನಿಮ್ಮ ಆಟದ ನಿಜವಾದ ಅಳತೆ.

ಸರಿಪಡಿಸಿದ ಮೇಲೆ

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಫಲಿತಾಂಶವನ್ನು ಹೊಸ ಆಟಗಾರರಲ್ಲಿ ಮಾತ್ರ ಅಳೆಯಿರಿ, ಹಳಬರು ಆ ದೋಷವನ್ನು ಸಹಿಸಿಕೊಂಡು ಉಳಿದವರು. ಸಾಧ್ಯವಾದರೆ ಅದೇ ವಾರ ಬಂದವರನ್ನು ಎರಡು ಭಾಗ ಮಾಡಿ ಅರ್ಧ ಜನರಿಗೆ ಹಳೆಯದನ್ನೇ ಕೊಡಿ. ಸಣ್ಣ ಅಂಕಿಗಳನ್ನು ನೋಡಿ ಹಿಗ್ಗಬೇಡಿ: ನೂರು ಜನರಲ್ಲಿ ನಲವತ್ತು ಜನ ಮರುದಿನ ಬಂದರೆ, ಆಟದಲ್ಲಿ ಏನೂ ಬದಲಾಗದೆಯೇ ಮುಂದಿನ ನೂರರಲ್ಲಿ ಮೂವತ್ತೈದೋ ನಲವತ್ತೈದೋ ಬರಬಹುದು.

ನನ್ನ ಆಟದಲ್ಲಿ ಆ ಬಂಡೆಯಂಚಿನ ಮೇಲೆ ತಿಳಿಬಣ್ಣದ ಹುಲ್ಲಿನ ಗೆರೆಯೊಂದನ್ನು ಎಳೆದೆ. ಅದರ ಫಲ ಕಂಡ ಮೇಲೆ, ತೆಗೆದುಹಾಕಿದ್ದ ಶತ್ರುಗಳನ್ನು ಮೂರನೇ ಹಂತಕ್ಕೆ ಒಬ್ಬೊಬ್ಬರನ್ನಾಗಿ ಮರಳಿ ತಂದೆ. ಸಾವುಗಳು ಹಳೆಯ ಮಟ್ಟಕ್ಕೇ ಏರಿದವು, ಸತ್ತವರು ಮಾತ್ರ ಮತ್ತೆ ಮತ್ತೆ ಪ್ರಯತ್ನಿಸಿ ದಾಟಿದರು. ಮೆಟ್ಟಿಲಿನ ಚಿತ್ರದಲ್ಲಿ ಈಗ ಆಳವಾದ ಇಳಿತ ಆರನೇ ಹಂತದಲ್ಲಿ ಕಾಣಿಸಿತು. ಹಳೆಯ ಫೋನ್ ಬಿಸಿಮಾಡಿಕೊಂಡು, ಕ್ಯಾಮೆರಾ ಹಿಡಿದು, ಅಲ್ಲಿ ಮತ್ತೆ ಕೈಯಿಂದಲೇ ಶುರು ಮಾಡಿದೆ.